ಮೆರೂನ್ ಚೂಡಿದಾರ ಮತ್ತು ನನ್ನ ಮೊದಲ ಇಂಟರ್‌ವ್ಯೂ

ಚಿಕ್ಕಮ್ಮನ ಮಗಳಿಗೆ ಬರೋ ಸೋಮವಾರ ಬೆಂಗಳೂರಲ್ಲಿ ಇಂಟರ್‌ವ್ಯೂ. 'ಅಕ್ಕಾ, ಏನು ಹಾಕ್ಕೊಳ್ಳಲಿ?' ಅಂತ ಮೂರು ದಿನದಿಂದ ತಲೆ ತಿನ್ನುತ್ತಿದ್ದಾಳೆ. ಏನಾದರೂ ಹಾಕ್ಕೋ, ಆದರೆ ಅವತ್ತೇ ಮೊದಲ ಸಲ ಹಾಕ್ಕೋಬೇಡ ಅಂದೆ.

2016ರ ಏಪ್ರಿಲ್‌ನಲ್ಲಿ ನಾನು ಅದನ್ನೇ ಮಾಡಿದ್ದೆ. ಅಮ್ಮ ಮಂಡಿಪೇಟೆಗೆ ಕರೆದುಕೊಂಡು ಹೋಗಿ ಮೆರೂನ್ ಕಾಟನ್ ಚೂಡಿದಾರ ಕೊಡಿಸಿದ್ದರು. ಒಗೆದರೆ ಹೊಸತನ ಹೋಗುತ್ತೆ ಅಂತ ಹಾಗೇ ಇಸ್ತ್ರಿ ಮಾಡಿಸಿಟ್ಟರು. ದಾವಣಗೆರೆಯಿಂದ ಬೆಂಗಳೂರಿಗೆ ರೈಲಲ್ಲಿ ಕಿಟಕಿ ಪಕ್ಕದ ಸೀಟು, ಬಿಸಿಲು ಸೀದಾ ತೊಡೆ ಮೇಲೆ, ಅಂಗೈ ಬೆವರಿದಾಗಲೆಲ್ಲ ವೇಲಿಗೆ ಒರೆಸಿಕೊಳ್ಳುತ್ತಾ ಕೂತಿದ್ದೆ. ಒಳಗೆ ಕರೆದಾಗ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ತೆಗೆದು ಕೊಟ್ಟೆ. ಬಿಳಿ ಹಾಳೆ ಮೇಲೆ ನನ್ನ ಹೆಬ್ಬೆಟ್ಟು! ಮೆರೂನ್ ಬಣ್ಣದಲ್ಲಿ, ಪತ್ರಕ್ಕೆ ಒತ್ತಿದ ಹಾಗೆ. ಎದುರಿಗಿದ್ದ ಮೇಡಂ ಹಾಳೆ ನೋಡಿದರು, ನನ್ನ ಕೈ ನೋಡಿದರು, ಏನೂ ಅನ್ನಲಿಲ್ಲ. ಆಮೇಲೆ ಅವರು ಏನು ಕೇಳಿದರೋ, ನಾನು ಏನು ಹೇಳಿದೆನೋ. ಮುಷ್ಟಿ ಮುಚ್ಚಿಕೊಂಡೇ ಕೂತಿದ್ದೆ. ಕೆಲಸ ಸಿಗಲಿಲ್ಲ. ಬಣ್ಣದಿಂದಲೇ ಅಂತ ಹೇಳಲ್ಲ, ಸರಿಯಾಗಿ ಓದಿಕೊಂಡೂ ಹೋಗಿರಲಿಲ್ಲ ಬಿಡಿ.

ಗಾಢ ಬಣ್ಣದ ಕಾಟನ್‌ನಲ್ಲಿ ನೂಲಿಗೆ ಹಿಡಿಯದ ಬಣ್ಣ ಒಂದಿಷ್ಟು ಉಳಿದಿರುತ್ತೆ, ಬೆವರು ತಾಗಿದರೆ ಬಿಡುತ್ತೆ. ಬಿಳಿ ಕರ್ಚೀಫ್ ಒದ್ದೆ ಮಾಡಿ ಒಳಗಡೆ ಹೊಲಿಗೆ ಹತ್ರ ತಿಕ್ಕಿದರೆ ಗೊತ್ತಾಗುತ್ತೆ. ಎರಡು ಸಲ ತಣ್ಣೀರಲ್ಲಿ ಬೇರೆಯಾಗಿ ಒಗೆದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಅಜ್ಜ ಇದ್ದಿದ್ದರೆ ಆ ಬಟ್ಟೆ ಮನೆಗೇ ಬರುತ್ತಿರಲಿಲ್ಲ. ಈ ಊರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದಲ್ಲಿ ಹತ್ತಿ ಮಿಲ್ಲಲ್ಲಿ ದುಡಿದವರು. ಅಂಗಡಿಯಲ್ಲಿ ಬಟ್ಟೆಯ ಒಂದು ತುದಿ ಮುಷ್ಟಿಯಲ್ಲಿ ಹಿಂಡಿ ಹಿಡಿದು, ಹತ್ತು ಎಣಿಸಿ ಬಿಡೋರು. ಸುಕ್ಕು ಹಾಗೇ ನಿಂತರೆ 'ಬ್ಯಾಡ, ಮಡಚಿಡಪ್ಪ' ಅಷ್ಟೇ. ಮೊನ್ನೆ ತಂಗಿ ಜೊತೆ ಹೋದಾಗ ನಾನೂ ಹಾಗೇ ಹಿಂಡಿದೆ, ಅಂಗಡಿಯವನು ಮುಖ ಹಿಂಡಿದ!

ಚಿಕ್ಕಮ್ಮನಿಗೆ ರೇಷ್ಮೆ ಸೀರೆ ಉಡಿಸೋ ಆಸೆ. ಸೀರೆ ತಪ್ಪಲ್ಲ, ಆದರೆ ಬ್ಲೌಸ್ ತೋಳು ಎಷ್ಟು ಬಿಗಿ ಅಂದರೆ ಟೇಬಲ್ ಮೇಲೆ ಕೈ ಇಟ್ಟು ಬರೆಯೋಕೇ ಆಗಲ್ಲ. ಊಟದ ಟೇಬಲ್ ಮುಂದೆ ಕೂರಿಸಿ ಅರ್ಜಿ ಬರೆಸಿ ನೋಡಿದೆ, ಚಿಕ್ಕಮ್ಮ ಸುಮ್ಮನಾದರು. ಕೊನೆಗೆ ಬೂದು ಬಣ್ಣದ ಕುರ್ತಾ, ಕಪ್ಪು ಪ್ಯಾಂಟ್. ಜಾರೋ ವೇಲ್ ಬೇಡವೇ ಬೇಡ. ಅದನ್ನೇ ಹಾಕ್ಕೊಂಡು ಬೆಣ್ಣೆ ದೋಸೆ ತಿಂದು ಬರೋಣ ಅಂದಳು, ಬೈದು ಬಿಚ್ಚಿಸಿದೆ.

ನಿನ್ನೆ ಒಗೆದು ಹಾಕಿದ್ದೆ, ಬಣ್ಣ ಬಿಡಲಿಲ್ಲ. ಸಂಜೆ ತೆಗೆಯೋಕೆ ಹೋದರೆ ಅಂಚಿನ ಒಳಗಡೆ ಒಂದು ಬೊಟ್ಟು ಕುಂಕುಮ. 'ಹೊಸ ಬಟ್ಟೆ ಅಲ್ವಾ' ಅಂದರು ಚಿಕ್ಕಮ್ಮ, ನನ್ನ ಮುಖ ನೋಡದೆ.