ಹಳೇ ಪಿಸಿನ ನೆಟ್‌ವರ್ಕಿಗೆ ಸೇರಿಸೋಕೆ ಹೋಗಿ ಕಲ್ತಿದ್ದು

ನಾನು ಕೆಲ್ಸ ಮಾಡೋ ಸಂಸ್ಥೇಲಿ ನೆಟ್‌ವರ್ಕ್ ನೋಡ್ಕೊಳ್ಳೋದು ನನ್ನ ಜವಾಬ್ದಾರಿ. ಲ್ಯಾಬಲ್ಲಿ ಒಂದು ಅಳತೆ ಮಾಡೋ ಮೆಷಿನ್ ಇದೆ, ಅದಕ್ಕೆ ಜೋಡಿಸಿರೋ ಪಿಸೀಲಿ ಇರೋದು ವಿಂಡೋಸ್ ಎಕ್ಸ್‌ಪಿ, ಆ ಮೆಷಿನ್ ಸಾಫ್ಟ್‌ವೇರು ಬೇರೆ ಯಾವ್ದ್ರಲ್ಲೂ ಓಡಲ್ಲ ಅದಕ್ಕೇ ಅದನ್ನ ಯಾರೂ ಮುಟ್ಟಿರ್ಲಿಲ್ಲ, ವರ್ಷಾನುಗಟ್ಲೆ ಪೆನ್‌ಡ್ರೈವಲ್ಲೇ ಫೈಲ್ ಸಾಗಿಸ್ತಿದ್ರು. "ಸಾರ್, ಇದನ್ನೂ ನೆಟ್‌ವರ್ಕಿಗೆ ಹಾಕ್ಕೊಡಿ, ಫೈಲು ಸೀದಾ ಸರ್ವರಿಗೇ ಹೋಗ್ಲಿ" ಅಂದ್ರು. ಕೇಬಲ್ ಹಾಕಿ ಐಪಿ ಕೊಟ್ರೆ ಆಯ್ತು ಅನ್ಕೊಂಡು ಹೋದೆ. ಮೂರು ದಿನ ಹಿಡೀತು.

ಮೊದಲ್ನೇ ದಿನ ಡೊಮೇನಿಗೇ (ಸಂಸ್ಥೆ ಪಿಸಿಗಳ ಲಾಗಿನ್ನೆಲ್ಲ ಒಂದೇ ಕಡೆಯಿಂದ ನೋಡ್ಕೊಳ್ಳೋ ವ್ಯವಸ್ಥೆ) ಸೇರ್ತಿಲ್ಲ. ಪಾಸ್‌ವರ್ಡ್ ಸರಿ ಇದೆ, ಪಿಂಗ್ (ಎದುರಿನ ಮೆಷಿನ್ ಉತ್ತರ ಕೊಡುತ್ತಾ ಅಂತ ನೋಡೋ ಸಣ್ಣ ಪರೀಕ್ಷೆ) ಹೋಗ್ತಿದೆ, ಆದ್ರೂ ಎರರ್. ಕೊನೆಗೆ ಗಡಿಯಾರ ನೋಡಿದ್ರೆ ಪಿಸಿ ಹಲವಾರು ವರ್ಷ ಹಿಂದೆ ನಿಂತಿದೆ. ಮದರ್‌ಬೋರ್ಡ್ ಮೇಲಿನ ಸಿಆರ್2032 ಸೆಲ್ ಸತ್ತೋಗಿತ್ತು, ಪವರ್ ತೆಗೆದಾಗೆಲ್ಲ ಡೇಟು ಹಿಂದಕ್ಕೆ ಹೋಗ್ತಿತ್ತು. ಡೊಮೇನ್ ಲಾಗಿನ್ ನೋಡ್ಕೊಳ್ಳೋ ಕರ್ಬೆರೋಸು ಸಾಮಾನ್ಯವಾಗಿ ಪಿಸಿ ಗಡಿಯಾರಕ್ಕೂ ಸರ್ವರ್ ಗಡಿಯಾರಕ್ಕೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ರೆ ಒಪ್ಪಲ್ಲ. ಸೆಲ್ ಬದಲಾಯಿಸಿ ಟೈಮ್ ಸರಿ ಮಾಡಿದೆ, ಡೊಮೇನಿಗೆ ಸೇರ್ತು.

ಎರಡ್ನೇ ದಿನದ್ದು ನನ್ನದೇ ತಪ್ಪು, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಹಳೇ ನೆಟ್‌ವರ್ಕ್ ಕಾರ್ಡು, ಆಟೋ (ಎರಡೂ ಕಡೆ ತಾವೇ ಮಾತಾಡ್ಕೊಂಡು ಹೊಂದಿಸ್ಕೊಳ್ಳೋದು) ಮೇಲೆ ಬಿಟ್ರೆ ತೊಂದ್ರೆ ಕೊಡಬಹುದು ಅಂತ ಪಿಸಿ ಕಡೆ ಸ್ಪೀಡ್ 100 ಎಂಬಿಪಿಎಸ್, ಫುಲ್ ಡ್ಯೂಪ್ಲೆಕ್ಸ್ (ಕಳಿಸೋದು, ತಗೊಳ್ಳೋದು ಎರಡೂ ಒಟ್ಟಿಗೇ) ಅಂತ ಫಿಕ್ಸ್ ಮಾಡಿಟ್ಟಿದ್ದೆ, ಸ್ವಿಚ್ ಪೋರ್ಟು ಮಾತ್ರ ಆಟೋದಲ್ಲೇ ಇತ್ತು. ಲೈಟ್ ಉರೀತಿದೆ, ಪಿಂಗಲ್ಲಿ ಒಂದೂ ಡ್ರಾಪ್ ಇಲ್ಲ, ಆದ್ರೆ ಒಂದು ದೊಡ್ಡ ಫೈಲ್ ಕಾಪಿಗೆ ಹಾಕಿದ್ರೆ ತೆವಳ್ತಾ ತೆವಳ್ತಾ ಹೋಗಿ ಮಧ್ಯದಲ್ಲೇ ನಿಲ್ಲುತ್ತೆ. ಕೇಬಲ್ ಬದಲಾಯಿಸಿದೆ, ಡ್ರೈವರ್ ಬದಲಾಯಿಸಿದೆ, ಊಟಾನೂ ಮರ್ತು ಅದರ ಮುಂದೇನೇ ಕೂತಿದ್ದೆ. ಸಂಜೆ ಸ್ವಿಚ್ಚಿಗೆ ಲಾಗಿನ್ ಆಗಿ ಆ ಪೋರ್ಟಿನ ಕೌಂಟರ್ ತೆಗೆದೆ, ಲೇಟ್ ಕೊಲಿಷನ್ (ತಡವಾಗಿ ಆಗೋ ಡಿಕ್ಕಿ) ಅನ್ನೋ ಸಾಲು ನನ್ನ ಕಣ್ಣೆದುರೇ ಏರ್ತಾ ಇತ್ತು.

ಆಗಿದ್ದೇನಂದ್ರೆ, ಒಂದು ಕಡೆ ಫಿಕ್ಸ್ ಮಾಡಿಬಿಟ್ರೆ ಅದು ಎದುರಿನವರ ಜೊತೆ ಮಾತುಕತೆ ನಿಲ್ಲಿಸಿಬಿಡುತ್ತೆ. ಸ್ವಿಚ್ಚಿಗೆ ಬರೋ ಸಿಗ್ನಲ್ ನೋಡಿ ಸ್ಪೀಡ್ 100 ಅಂತ ಗೊತ್ತಾಗುತ್ತೆ, ಡ್ಯೂಪ್ಲೆಕ್ಸ್ ಮಾತ್ರ ಗೊತ್ತಾಗಲ್ಲ, ಆಗ ನಿಯಮದ ಪ್ರಕಾರ ಹಾಫ್ (ಒಂದು ಸಲಕ್ಕೆ ಒಬ್ರೇ ಕಳಿಸೋದು) ಅಂತ ಹಿಡ್ಕೊಳ್ಳುತ್ತೆ. ಪಿಸಿ ತನಗೆ ಬೇಕಾದಾಗೆಲ್ಲ ಕಳಿಸ್ತಾ ಇರುತ್ತೆ, ಸ್ವಿಚ್ ಅದನ್ನ ಡಿಕ್ಕಿ ಅಂತ ತಿಳ್ಕೊಂಡು ತಾನು ಕಳಿಸ್ತಿರೋದನ್ನ ಅರ್ಧಕ್ಕೇ ಬಿಡುತ್ತೆ. ಪಿಂಗ್ ಪ್ಯಾಕೆಟ್ ಚಿಕ್ಕದು, ಸೆಕೆಂಡಿಗೊಂದು, ಡಿಕ್ಕಿ ಆಗೋ ಅವಕಾಶಾನೇ ಕಮ್ಮಿ, ಹಾಗಾಗಿ ಪಿಂಗ್ ನಂಬಿ ಕೂತ್ರೆ ಇದು ಸಿಗೋದೇ ಇಲ್ಲ. ಎರಡೂ ಕಡೆ ಆಟೋ ಮಾಡಿದೆ, ಕಾಪಿ ಸರಸರ ಅಂತ ಮುಗೀತು.

ಮೂರ್ನೇ ದಿನ ಶೇರ್ ಫೋಲ್ಡರ್. ವಿಂಡೋಸಲ್ಲಿ ಫೈಲ್ ಹಂಚ್ಕೊಳ್ಳೋ ಭಾಷೆ ಎಸ್‌ಎಂಬಿ, ಎಕ್ಸ್‌ಪಿಗೆ ಗೊತ್ತಿರೋದು ಅದರ ಹಳೇ ಆವೃತ್ತಿ ಎಸ್‌ಎಂಬಿ1 ಒಂದೇ, ನಮ್ಮ ಫೈಲ್ ಸರ್ವರಲ್ಲಿ ಅದು ಆಫ್. ಹಿಂದಿನ ದಿನದ ಕಾಪಿ ಟೆಸ್ಟೆಲ್ಲ ನಾನು ಎಫ್‌ಟಿಪಿ ಅನ್ನೋ ಬೇರೆ ದಾರೀಲಿ ಮಾಡಿದ್ದು, ಅದಕ್ಕೇ ಇದು ಆಗ ಕಾಣ್ಲಿಲ್ಲ. ಜೊತೆಗಿದ್ದವ್ರು "ಸರ್ವರಲ್ಲೇ ಆನ್ ಮಾಡ್ಬಿಡಿ, ಒಂದು ಪಿಸಿಗೆ ತಾನೇ" ಅಂದ್ರು. ನಾನು ಒಪ್ಲಿಲ್ಲ, ಈಗಲೂ ಒಪ್ಪಲ್ಲ. 2017ರ ಮೇ 12ಕ್ಕೆ ವಾನ್ನಾಕ್ರೈ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಹರಡಿದ್ದು ಇದೇ ಎಸ್‌ಎಂಬಿ1ನಲ್ಲಿದ್ದ ತೂತಿಂದ, ಮೈಕ್ರೋಸಾಫ್ಟ್ ಮಾರ್ಚಲ್ಲೇ ಪ್ಯಾಚ್ ಕೊಟ್ಟಿದ್ರೂ ಹಾಕ್ಕೊಳ್ಳದೇ ಇದ್ದ ಮೆಷಿನ್‌ಗಳು ಲೆಕ್ಕವಿಲ್ಲದಷ್ಟು ಸಿಕ್ಕಿಹಾಕ್ಕೊಂಡ್ವು. ಎಕ್ಸ್‌ಪಿಗಂತೂ 2014ರ ಏಪ್ರಿಲ್ 8ಕ್ಕೇ ಸಪೋರ್ಟ್ ಮುಗ್ದಿತ್ತು. ಸಂಸ್ಥೆ ನೆಟ್‌ವರ್ಕ್ ಎಲ್ಲರದ್ದು, ಒಂದು ಪಿಸಿಗೋಸ್ಕರ ಎಲ್ಲರ ಫೈಲಿರೋ ಸರ್ವರ್ ಬಾಗಿಲು ಸಡಿಲ ಮಾಡೋ ಹಕ್ಕು ನನಗಿಲ್ಲ ಅಂತ ನನ್ನ ನಂಬಿಕೆ.

ಅದಕ್ಕೆ ಮಧ್ಯದಲ್ಲಿ ಎರಡು ನೆಟ್‌ವರ್ಕ್ ಕಾರ್ಡಿರೋ ಒಂದು ಸಣ್ಣ ಲಿನಕ್ಸ್ ಡಬ್ಬ ಇಟ್ಟೆ. ಎಕ್ಸ್‌ಪಿನ ಡೊಮೇನಿಂದ ತೆಗೆದು ಬೇರೆ ವಿಎಲ್ಯಾನಿಗೆ (ಅದೇ ಸ್ವಿಚ್ಚಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಹಾಕಿದೆ, ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ಹೋಗೋ ದಾರಿ) ಜಾಗ ಖಾಲಿ ಬಿಟ್ಟೆ, ಅದಕ್ಕೆ ಕಾಣೋದು ಆ ಡಬ್ಬ ಒಂದೇ. ಎಕ್ಸ್‌ಪಿ ಕಡೆ ಕಾರ್ಡಲ್ಲಿ ಮಾತ್ರ ಸಾಂಬಾ (ಲಿನಕ್ಸಲ್ಲಿ ಎಸ್‌ಎಂಬಿ ಮಾತಾಡೋ ಸಾಫ್ಟ್‌ವೇರ್) ಓಡುತ್ತೆ, ಬಂದ ಫೈಲನ್ನ ಡಬ್ಬಾನೇ ಸರ್ವರ್ ಕಡೆ ಕಾರ್ಡಿಂದ ಎಸ್‌ಎಸ್‌ಎಚ್ (ಗೂಢಲಿಪಿ ಮಾಡಿ ಕಳಿಸೋ ದಾರಿ) ಮೇಲೆ ಸರ್ವರಿಗೆ ಕಳಿಸುತ್ತೆ. ಸಾಂಬಾ 4.11ರಿಂದ ಎಸ್‌ಎಂಬಿ1 ತಾನಾಗೇ ಆಫ್ ಇರುತ್ತೆ, ಆನ್ ಮಾಡೋಕೆ ಅದರ ಸೆಟ್ಟಿಂಗಲ್ಲಿ ಸರ್ವರ್ ಮಿನ್ ಪ್ರೋಟೊಕಾಲ್ ಅನ್ನೋ ಕಡೆ ಎನ್‌ಟಿ1 (ಎಸ್‌ಎಂಬಿ1ಗೆ ಸಾಂಬಾ ಇಟ್ಟ ಹೆಸರು) ಅಂತ ಬರೀಬೇಕು. ಬರೆದ ಮೇಲೂ ಪಾಸ್‌ವರ್ಡ್ ಒಪ್ಲಿಲ್ಲ, ಯಾಕಂದ್ರೆ ಪಾಸ್‌ವರ್ಡ್ ಪರೀಕ್ಷೆಗೆ ಎಕ್ಸ್‌ಪಿ ಮೊದಲಿಂದ ಬಳಸೋದು ಎನ್‌ಟಿಎಲ್‌ಎಂ ಅನ್ನೋ ವಿಧಾನದ ಹಳೇ ಆವೃತ್ತಿ, ಸಾಂಬಾ ಕೇಳೋದು ಅದರ ವಿ2. ಎಕ್ಸ್‌ಪಿ ರಿಜಿಸ್ಟ್ರೀಲಿ ಎಲ್‌ಎಂ ಕಂಪ್ಯಾಟಿಬಿಲಿಟಿ ಲೆವೆಲ್ 3 ಮಾಡಿ ರೀಸ್ಟಾರ್ಟ್ ಮಾಡಿದೆ, ಫೋಲ್ಡರ್ ತೆರ್ಕೊಳ್ತು, ಲ್ಯಾಬಿನವ್ರು ಅಲ್ಲೇ ನಿಂತು ಆವತ್ತಿನ ರೀಡಿಂಗ್ ಫೈಲ್ ಅದಕ್ಕೆ ಎಳೆದು ಹಾಕಿದ್ರು.