ಮ್ಯಾಂಚೆಸ್ಟರಿನಲ್ಲಿ ಗಡ್ಡದಯ್ಯನಿಗೊಂದಿಷ್ಟು ಬಿಸಿಲು

ಬಿಸಿಲನ್ನು ದುಡ್ಡು ಕೊಟ್ಟು ತರಬೇಕಾಗುತ್ತದೆ ಎಂದು ಚಿತ್ರದುರ್ಗದಲ್ಲಿ ಬೆಳೆದ ಯಾರಿಗಾದರೂ ಹೇಳಿದರೆ ನಕ್ಕುಬಿಟ್ಟಾರು. ಏಪ್ರಿಲ್ ತಿಂಗಳ ಮಧ್ಯಾಹ್ನ ಏಳು ಸುತ್ತಿನ ಕೋಟೆಯ ಬಂಡೆಯ ಮೇಲೆ ಬರಿಗಾಲಿಟ್ಟವರಿಗೆ ಅಲ್ಲಿ ಬಿಸಿಲಿನ ಬರವೆಂಬುದು ಇಲ್ಲವೆಂದು ಗೊತ್ತು. ಆದರೆ ಮಗಳ ಹಟಕ್ಕೆ ಮಣಿದು ಮ್ಯಾಂಚೆಸ್ಟರಿನ ನಮ್ಮ ಮನೆಗೆ ಬಿಯರ್ಡೆಡ್ ಡ್ರ್ಯಾಗನ್ ಎಂಬ ಒಂದು ಗಡ್ಡದ ಓತಿಯನ್ನು ತಂದ ಮೇಲೆ ನಾನು ಕಲಿತ ವಿದ್ಯೆಯೆಂದರೆ, ನಾಲ್ಕು ಅಡಿ ಉದ್ದದ ಪೆಟ್ಟಿಗೆಯೊಳಗೆ ದುರ್ಗದ ಒಂದು ಹಗಲನ್ನು ಕೂಡಿಸುವುದು.

ಆಸ್ಟ್ರೇಲಿಯಾದ ಒಳನಾಡಿನ ಒಣ ಸೀಮೆಗೆ ಸೇರಿದ ಈ ಪ್ರಾಣಿ, ಬಾಲವೂ ಸೇರಿ, ಬೆಳೆದಾಗ 45ರಿಂದ 60 ಸೆಂಟಿಮೀಟರ್ ಉದ್ದವಾಗುತ್ತದೆ. ಆಸ್ಟ್ರೇಲಿಯಾ ತನ್ನ ಓತಿಗಳನ್ನು ಸಾಕುವವರಿಗಾಗಿ ಹೊರದೇಶಕ್ಕೆ ಮಾರಲು ಬಿಡುವುದಿಲ್ಲವಾದ್ದರಿಂದ, ಇಲ್ಲಿ ಸಿಗುವವು ತಲೆಮಾರುಗಳಿಂದ ಮನೆಗಳಲ್ಲೇ ಮೊಟ್ಟೆಯೊಡೆದು ಬಂದವು. ನಮ್ಮ ಬೇಲಿಯ ಓತಿಕ್ಯಾತ, ಕೋಟೆಯ ಬಂಡೆಗಳ ಮೇಲೆ ಕೂರುವ ಕೆಂಪು-ಕಪ್ಪು ಮೈಯ ಬಂಡೆ ಓತಿ, ಈ ಡ್ರ್ಯಾಗನ್ ಮೂರೂ ಅಗಾಮಿಡೇ ಎಂಬ ಒಂದೇ ಕುಟುಂಬದ ದಾಯಾದಿಗಳು. ವಿಡಿಯೊ ಕರೆಯಲ್ಲಿ ಮೊದಲ ಸಲ ನೋಡಿದ ಅಮ್ಮ, "ಇದೇನಪ್ಪಾ, ಓತಿಕ್ಯಾತಕ್ಕೆ ಗಡ್ಡ ಬಂದೈತೆ! ಹಲ್ಲಿ ಹಂಗೆ ಲೊಚಗುಟ್ಟುತ್ತೇನು?" ಎಂದು ಕೇಳಿದರು. ಲೊಚಗುಟ್ಟುವುದಿಲ್ಲ, ಆದ್ದರಿಂದ ಶಕುನದ ತಂಟೆಯಿಲ್ಲ ಎಂದು ಸಮಾಧಾನ ಹೇಳಿದೆ. ಗಡ್ಡದಯ್ಯ ಎಂಬ ಹೆಸರು ಅವರೇ ಇಟ್ಟದ್ದು.

ಅಂಗಡಿಯವರು ಪೆಟ್ಟಿಗೆಯ ಜೊತೆಗೆ ಮರಳು, ಸುರುಳಿಯಾಕಾರದ ಒಂದು ಸಣ್ಣ ಯುವಿ (ಅತಿನೇರಳೆ ಕಿರಣದ) ಬಲ್ಬು, ಗೋಡೆಗೆ ಅಂಟಿಸುವ ಮುಳ್ಳಿನ ಉಷ್ಣಮಾಪಕ ಎಲ್ಲವನ್ನೂ ಒಟ್ಟಿಗೆ ಕೊಟ್ಟಿದ್ದರು. ಸಾಲದು ಎಂದು ನಾನೂ ನನ್ನ ಬುದ್ಧಿವಂತಿಕೆಯನ್ನು ಸೇರಿಸಿದೆ. ಅಪರೂಪಕ್ಕೆ ಬೀಳುವ ಬಿಸಿಲಾದರೂ ದಕ್ಕಲಿ ಎಂದು ಪೆಟ್ಟಿಗೆಯನ್ನು ಕಿಟಕಿಯ ಗಾಜಿನ ಪಕ್ಕದಲ್ಲಿಟ್ಟೆ. ಕೆಲವು ವಾರಗಳಲ್ಲಿ ಗಡ್ಡದಯ್ಯ ಮಂಕಾಗಿ, ಊಟ ಬಿಟ್ಟು, ಕಾಲ್ಬೆರಳುಗಳನ್ನು ಅದುರಿಸತೊಡಗಿದಾಗ ಸರೀಸೃಪಗಳನ್ನು ನೋಡುವ ವೈದ್ಯರ ಬಳಿಗೆ ಓಡಿದೆವು. ಪ್ರಾಣಿಯನ್ನು ಮುಟ್ಟುವ ಮೊದಲೇ ಅವರು ಕೇಳಿದ್ದು ಮೂರು ಪ್ರಶ್ನೆ: ಯಾವ ದೀಪ, ಎಷ್ಟು ದಿನದ್ದು, ಎಷ್ಟು ದೂರದಲ್ಲಿದೆ?

ಕಾರಣ ತಿಳಿದಾಗ ನಾಚಿಕೆಯಾಯಿತು. ಸೂರ್ಯನ ಬೆಳಕಿನ ಯುವಿ-ಬಿ ಕಿರಣ ಚರ್ಮಕ್ಕೆ ತಾಗಿದಾಗ ಮೈಯಲ್ಲಿ ಡಿ3 ವಿಟಮಿನ್ ತಯಾರಾಗುತ್ತದೆ. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ದೇಹಕ್ಕೆ ಹತ್ತುವುದಿಲ್ಲ, ದೇಹವು ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ದವಡೆಯೂ ಕಾಲುಗಳೂ ಮೆತ್ತಗಾಗಿ ಡೊಂಕಾಗುತ್ತವೆ. ಕಿಟಕಿಯ ಗಾಜು ಬೆಳಕನ್ನು ಒಳಗೆ ಬಿಟ್ಟರೂ ಯುವಿ-ಬಿಯನ್ನು ಬಹುಪಾಲು ತಡೆಯುತ್ತದೆ. ಅಂದರೆ ನಾನು ಅದಕ್ಕೆ ಕೊಟ್ಟದ್ದು ಬಿಸಿಲಿನ ಚಿತ್ರವನ್ನು ಮಾತ್ರ. ಅದೇ ಚಳಿಗಾಲದಲ್ಲಿ ನನಗೂ ವಿಟಮಿನ್ ಡಿ ಕಡಿಮೆಯೆಂದು ನಮ್ಮ ವೈದ್ಯರು ಹೇಳಿದ್ದರು. ಅಕ್ಟೋಬರಿನಿಂದ ಮಾರ್ಚಿನ ಆರಂಭದವರೆಗೆ ಈ ದೇಶದ ಬಿಸಿಲಿಗೆ ಆ ಶಕ್ತಿ ಸಾಲದೆಂದು ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳಲು ಇಲ್ಲಿನ ಆರೋಗ್ಯ ಇಲಾಖೆ ಎಲ್ಲರಿಗೂ ಹೇಳುತ್ತದೆ. ನಮ್ಮಂಥ ಕಂದು ಮೈಯವರು ವರ್ಷವಿಡೀ ತೆಗೆದುಕೊಂಡರೂ ಒಳ್ಳೆಯದಂತೆ. ಹೀಗಾಗಿ ನಮ್ಮ ಅಡುಗೆಮನೆಯ ಕಪಾಟಿನಲ್ಲಿ ನನ್ನ ಮಾತ್ರೆಯ ಡಬ್ಬಿಯೂ ಗಡ್ಡದಯ್ಯನ ಕ್ಯಾಲ್ಸಿಯಂ ಪುಡಿಯೂ ಅಕ್ಕಪಕ್ಕದಲ್ಲಿವೆ.

ಗಡ್ಡದಯ್ಯನ ಮನೆಯನ್ನು ಮೊದಲಿನಿಂದ ಕಟ್ಟಿದೆವು. 120 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರದ, ಮುಂದೆ ಜಾರುಗಾಜಿನ ಬಾಗಿಲಿರುವ ಮರದ ಪೆಟ್ಟಿಗೆ. ಬೆಳೆದ ಒಂದು ಪ್ರಾಣಿಗೆ ಇದಕ್ಕಿಂತ ಚಿಕ್ಕದು ಸಲ್ಲದು. ಮಗಳು ಜೊತೆಗಾರನನ್ನು ತರೋಣವೆಂದು ಎಷ್ಟು ಗೋಗರೆದರೂ ಒಪ್ಪಲಿಲ್ಲ, ಏಕೆಂದರೆ ಇವು ಒಂಟಿಯಾಗಿ ಬದುಕುವ ಜೀವಿಗಳು, ಜೊತೆಗಿಟ್ಟರೆ ಬಲವಾದದ್ದು ಇನ್ನೊಂದರ ಬಿಸಿಲನ್ನೂ ಊಟವನ್ನೂ ಕಸಿಯುತ್ತದೆ, ಬಾಲ ಬೆರಳುಗಳನ್ನು ಕಚ್ಚುತ್ತದೆ. ಸುರುಳಿ ಬಲ್ಬಿನ ಬದಲು ಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ಉದ್ದಕ್ಕೆ ಚಾಚುವ, ಟಿ5 ಎಂಬ ತೆಳು ಯುವಿ ಟ್ಯೂಬನ್ನು ಒಳಚಾವಣಿಗೇ ಹಾಕಿದೆವು, ನಡುವೆ ಗಾಜೂ ಇಲ್ಲ, ಜಾಲರಿಯೂ ಇಲ್ಲ. ಅದೇ ತುದಿಯಲ್ಲಿ ಕಾವಿಗಾಗಿ 100 ವಾಟಿನ ದೀಪ, ಅದರ ಕೆಳಗೆ ಒಂದು ಸ್ಲೇಟು ಕಲ್ಲಿನ ಹಾಸು. ದೀಪ, ಕಾವನ್ನು ಹದದಲ್ಲಿಡುವ ಥರ್ಮೋಸ್ಟಾಟಿನ ಹಿಡಿತದಲ್ಲಿದೆ. ಆದರೂ ಹನ್ನೆರಡು ತಾಸು ಪೂರ್ತಿ ಉರಿದರೆ ದಿನಕ್ಕೆ 1.2 ಯೂನಿಟ್ ಎಂದು ಲೆಕ್ಕ ಹಾಕಿದ ನನ್ನ ಹೆಂಡತಿ, ಬಿಸಿಲು ಇಷ್ಟು ತುಟ್ಟಿಯೆಂದು ಗೊತ್ತಿದ್ದರೆ ಊರಲ್ಲೇ ಇರುತ್ತಿದ್ದೆವಲ್ಲ ಎಂದಳು.

ಕಲ್ಲಿನ ಮೇಲ್ಮೈ 40 ಡಿಗ್ರಿ ಆಸುಪಾಸು ಇರಬೇಕು, ಆಚೆ ತುದಿ 25ರ ಹತ್ತಿರ. ಗೋಡೆಗಂಟಿಸಿದ ಮುಳ್ಳು ತೋರಿಸುವುದು ಗೋಡೆಯ ಕಾವನ್ನೇ ಹೊರತು ಪ್ರಾಣಿಯ ಹೊಟ್ಟೆ ತಾಗುವ ಕಲ್ಲಿನದನ್ನಲ್ಲ. ಆ ಉಷ್ಣಮಾಪಕವನ್ನು ಕಿತ್ತೆಸೆದು, ಗುರಿಯಿಟ್ಟು ಅಳೆಯುವ ಇನ್ಫ್ರಾರೆಡ್ ಮಾಪಕ ತಂದೆವು. ಆದರೆ ನಾನು ಮೊದಮೊದಲು ಬಿಸಿ ತುದಿಯ ಅಳತೆಯಲ್ಲೇ ಮುಳುಗಿ ತಂಪು ತುದಿಯನ್ನು ಬರಿದಾಗಿ ಬಿಟ್ಟಿದ್ದೆ. ಅದನ್ನು ತಿದ್ದಿದವರು, ದಿನವೂ ಬೆಳಿಗ್ಗೆ ಕೋಟೆಗೆ ವಾಕಿಂಗ್ ಹೋಗುವ ಅಪ್ಪ. "ಬಂಡೆ ಮೇಲಿನ ಓತಿ ಮಧ್ಯಾಹ್ನ ಎಲ್ಲಿರ್ತೈತೆ ನೋಡೀಯೇನು? ಬೆಳಿಗ್ಗೆ ಮೈ ಕಾಸಿಕೊಂಡು, ಬಿಸಿಲು ಏರಿದ ಮೇಲೆ ಸಂದಿಗೆ ಸೇರ್ಕಂತೈತೆ. ನಿನ್ನ ಪೆಟ್ಟಿಗೇಲಿ ಸಂದಿ ಎಲ್ಲೈತಪ್ಪ?" ಎಂದರು. ತಣ್ಣನೆಯ ರಕ್ತದ ಪ್ರಾಣಿ ಬಿಸಿಲಿಗೂ ನೆರಳಿಗೂ ನಡುವೆ ಓಡಾಡಿಕೊಂಡೇ ತನ್ನ ಮೈಕಾವನ್ನು ಹದದಲ್ಲಿಡುತ್ತದೆ ಎಂದು ಪುಸ್ತಕಗಳು ಹೇಳುವುದೂ ಇದನ್ನೇ, ಆದರೆ ನನಗೆ ಮನದಟ್ಟಾದದ್ದು ಅಪ್ಪನ ಮಾತಿನಿಂದ. ತಂಪು ತುದಿಯಲ್ಲಿ ಚಪ್ಪಟೆ ಕಲ್ಲುಗಳನ್ನು ಅಲುಗದಂತೆ ಜೋಡಿಸಿ ಒಂದು ಸಂದಿ ಮಾಡಿದೆ, ನಡುವೆ ಹತ್ತಲು ಒಂದು ಮರದ ಕೊಂಬೆ ಇಟ್ಟೆ. ಆ ಸಂಜೆಯೇ ಗಡ್ಡದಯ್ಯ ಸಂದಿಯೊಳಗಿಂದ ಮೂತಿಯಷ್ಟೇ ಹೊರಗಿಟ್ಟು ನಮ್ಮನ್ನು ನೋಡುತ್ತಿದ್ದ.

ಮರಳನ್ನು ತೆಗೆದು ಹೆಂಚಿನ ಬಿಲ್ಲೆ ಹಾಸಿದೆವು, ಮರಿಗಳು ಊಟದ ಜೊತೆ ಮರಳು ನುಂಗಿದರೆ ಕರುಳು ಕಟ್ಟಿಕೊಳ್ಳುವ ಭಯವಿದೆ. ರಾತ್ರಿ ಎಲ್ಲ ದೀಪಗಳೂ ಆರಬೇಕು, ಕೆಂಪು ದೀಪವೂ ಬೇಡ. ಇಲ್ಲಿ ಎಂಟು ತಿಂಗಳು ಬಟ್ಟೆಯನ್ನು ಮನೆಯೊಳಗೇ ಒಣಹಾಕುವುದರಿಂದ ನಡುಮನೆಯ ಗಾಳಿ ಸದಾ ಹಸಿ, ಒಣ ಸೀಮೆಯ ಪ್ರಾಣಿಗೆ ಅದು ಒಗ್ಗದು; ಆದ್ದರಿಂದ ಪೆಟ್ಟಿಗೆ ಈಗ ಮಗಳ ಕೋಣೆಯಲ್ಲಿದೆ.

ಊಟದ ವಿಷಯ ಊರಿನವರಿಗೆ ನಂಬಿಕೆಯಾಗದು. ಮಿಡತೆಗಳನ್ನು ಡಬ್ಬಿಗಳಲ್ಲಿ ತುಂಬಿ ಮಾರುತ್ತಾರೆ, ನಾವು ಕೊಳ್ಳುತ್ತೇವೆ. ಚಳ್ಳಕೆರೆಯಲ್ಲಿ ಶೇಂಗಾ ಬೆಳೆಯುವ ನಮ್ಮ ಮಾವ, ಹೊಲಕ್ಕೆ ಬಂದರೆ ಬಿಟ್ಟಿಯಾಗಿ ಹಿಡಿದುಕೊಂಡು ಹೋಗಬಹುದು ಎಂದು ಇನ್ನೂ ಕೀಟಲೆ ಮಾಡುತ್ತಾರೆ. ಹುಳು ಗಡ್ಡದಯ್ಯನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡಬೇಕು. ಬೆಳೆಯುತ್ತ ಹುಳು ಕಡಿಮೆಯಾಗಿ ಸೊಪ್ಪು ಹೆಚ್ಚಬೇಕು. ಪಾಲಕ್ ಮಾತ್ರ ದಿನವೂ ಹಾಕುವಂತಿಲ್ಲ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಬಿಡುತ್ತದೆ. ಬೆಣ್ಣೆಹಣ್ಣು ವಿಷ. ದಾಸವಾಳದ ಹೂ ಸಿಕ್ಕಿದ ದಿನ ಗಡ್ಡದಯ್ಯನಿಗೆ ಹಬ್ಬ.

ದಾವಣಗೆರೆಯಲ್ಲಿರುವ ಅಕ್ಕನ ಮಗ ಇದನ್ನೆಲ್ಲ ನೋಡಿ, ತಾನೂ ಹೊಲದ ಕಡೆಯಿಂದ ಒಂದು ಉಡದ ಮರಿ ತಂದು ಸಾಕಲೇ ಎಂದು ಕೇಳಿದ. ಖಡಾಖಂಡಿತವಾಗಿ ಬೇಡವೆಂದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು, ಹಿಡಿದರೆ ಜೈಲು. ನೋಡಬೇಕೆನಿಸಿದರೆ ಅಜ್ಜನ ಜೊತೆ ಬೆಳಿಗ್ಗೆ ಕೋಟೆಗೆ ಹೋಗಿ, ಕಲ್ಲೆಸೆಯದೆ, ಬಂಡೆಯಿಂದ ಹತ್ತು ಮಾರು ದೂರ ಕೂತು ನೋಡು ಎಂದು ಹೇಳಿದ್ದೇನೆ.

ಯುವಿ ಟ್ಯೂಬು ಕಣ್ಣಿಗೆ ಚೆನ್ನಾಗಿಯೇ ಉರಿಯುತ್ತಿದ್ದರೂ ಒಳಗಿನ ಸತ್ವ ತಿಂಗಳುಗಳು ಕಳೆದಂತೆ ಇಳಿಯುತ್ತದೆ. ಹಾಕಿದ ತಾರೀಕನ್ನು ಅಂಟುಪಟ್ಟಿಯ ಮೇಲೆ ಬರೆದು ಪೆಟ್ಟಿಗೆಯ ಬದಿಗೆ ಅಂಟಿಸಿದ್ದೇವೆ. ಬರುವ ತಿಂಗಳಿಗೆ ವರ್ಷ ತುಂಬುತ್ತದೆ. ಹೊಸ ಟ್ಯೂಬು ಆಗಲೇ ಬಂದು ಅಟ್ಟದ ಮೇಲೆ ಕೂತಿದೆ, ಕಾಲ್ಬೆರಳುಗಳ ಅದುರು ನಿಂತು ಬಹಳ ದಿನವಾಯಿತು.