ಏಳನೇ ಬೆಡ್, ಎರಡನೇ ಪುಟ

ಸಂಜೆ 6.10ಕ್ಕೆ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಬಂತು. ಮೇಲೆ ಕೋರ್ಟಿನ ಸೀಲು, ಕೆಳಗೆ ಅಡ್ಮಿನ್ ಅವರ ಒಂದು ಸಾಲು: 'ವಿಚಾರಣಾಧೀನ ಕೈದಿ ಬರ್ತಿದ್ದಾರೆ. ಕೋರ್ಟ್ ಆರ್ಡರ್. ಐಸಿಯು ಬೆಡ್ ಇಡಿ.'

ಮೈಸೂರಿನ ನಮ್ಮ ಆಸ್ಪತ್ರೆಯಲ್ಲಿ ಅವತ್ತು ಬೆಡ್ ಡ್ಯೂಟಿ ನನ್ನದು. ಡ್ಯಾಶ್‌ಬೋರ್ಡ್‌ನಲ್ಲಿ ಎರಡು ಐಸಿಯು ಬೆಡ್ ಹಸಿರು, ಅಂದರೆ ಖಾಲಿ. ನಾಲ್ಕನೇ ಬೆಡ್‌ನ ವೆಂಟಿಲೇಟರ್ ಸರ್ವೀಸಿಗೆ ಹೋಗಿ ಹತ್ತು ದಿನ ಆಗಿತ್ತು. ಆದರೆ ಆ ಸಾಫ್ಟ್‌ವೇರ್‌ಗೆ ಮಂಚ ಇದ್ದರೆ ಸಾಕು, ಅದು ಬೆಡ್. ನಿಜಕ್ಕೂ ಖಾಲಿ ಇದ್ದದ್ದು ಏಳನೇ ಬೆಡ್ ಒಂದೇ. ಬ್ಲಾಕ್ ಮಾಡಿಬಿಟ್ಟೆ. ಇಂಟೆನ್ಸಿವಿಸ್ಟ್‌ಗೆ, ಅಂದರೆ ಐಸಿಯು ವೈದ್ಯರಿಗೆ, ಒಂದು ಫೋನ್ ಕೂಡ ಮಾಡಲಿಲ್ಲ. ನ್ಯಾಯಾಂಗ ನಿಂದನೆ ಅನ್ನೋ ಪದ ಒಂದೇ ತಲೆಯಲ್ಲಿ ಕೂತಿತ್ತು.

7.30ಕ್ಕೆ ಮಂಡ್ಯ ಕಡೆಯಿಂದ 108. ಗದ್ದೆಯಲ್ಲಿ ನಾಗರಹಾವು ಕಚ್ಚಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹತ್ತು ವಯಲ್ ಎಎಸ್‌ವಿ (ಹಾವಿನ ವಿಷಕ್ಕೆ ಪ್ರತಿವಿಷ) ಹಾಕಿ ಕಳಿಸಿದ್ದರು. ರೆಪ್ಪೆ ಎತ್ತೋಕೆ ಆಗ್ತಿಲ್ಲ, ಉಸಿರು ಸೋಲ್ತಿದೆ. ಕ್ಯಾಶುವಾಲ್ಟಿಯಲ್ಲೇ ಟ್ಯೂಬ್ ಹಾಕಿದರು. ಅಲ್ಲಿದ್ದ ಒಂದು ವೆಂಟಿಲೇಟರ್ ಹೈವೇ ಆಕ್ಸಿಡೆಂಟ್ ಕೇಸಿಗೆ ಹೋಗಿತ್ತು. ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಇಂಟರ್ನ್ ಕೈಗೆ ಬಂತು.

'ಏಳು ಕೊಡಿ' ಅಂತ ಸಿಸ್ಟರ್ ಫೋನ್ ಮಾಡಿದರು. 'ಕೋರ್ಟ್ ಕೇಸಿಗೆ ಇಟ್ಟಿದೆ, ಇನ್ನೇನು ಬಂದ್ರು' ಅಂದೆ. ಎಂಟಕ್ಕೂ ಅದೇ ಉತ್ತರ. ಎಂಟೂವರೆಗೂ ಅದೇ. ಕೆಳಗಿಳಿದು ನೋಡಿದೆ. ಇಂಟರ್ನ್ ಹುಡುಗಿ ಗೋಡೆ ಗಡಿಯಾರ ನೋಡುತ್ತಾ ಒತ್ತುತ್ತಿದ್ದಳು. ಐದು ಸೆಕೆಂಡಿಗೆ ಒಂದು ಸಲ. ಕೈ ಸೋತಾಗ ವಾರ್ಡ್ ಬಾಯ್ ಹಿಡಿದುಕೊಳ್ಳುತ್ತಿದ್ದ. ರೋಗಿಯ ಪಾದದಲ್ಲಿ ಗದ್ದೆಯ ಕೆಸರು ಇನ್ನೂ ಒಣಗಿರಲಿಲ್ಲ. ಸುಮ್ನೆ ನೋಡಿ ಮೇಲೆ ಬಂದೆ.

ಪೊಲೀಸರು ಬಂದಾಗ 9.40. ಎಸ್ಕಾರ್ಟ್ ಸಿಗಲಿಲ್ಲವಂತೆ. ಕೈದಿ ನಡೆದುಕೊಂಡೇ ಬಂದರು. ಎದೆನೋವು ಅಂದರು, ಇಸಿಜಿ ನಾರ್ಮಲ್. ಡ್ಯೂಟಿ ಡಾಕ್ಟರ್ ಆರ್ಡರ್ ಕೇಳಿ ಎರಡನೇ ಪುಟ ತಿರುಗಿಸಿದರು. 'ತಜ್ಞ ವೈದ್ಯರು ಪರೀಕ್ಷಿಸಿ, ಅಗತ್ಯವೆನಿಸಿದಲ್ಲಿ ಒಳರೋಗಿಯಾಗಿ ದಾಖಲಿಸುವುದು.' ಐಸಿಯು ಅನ್ನೋ ಪದವೇ ಇರಲಿಲ್ಲ. ನಾನು ನೋಡಿದ್ದು ಸೀಲು ಮತ್ತು ಅಡ್ಮಿನ್ ಸಾಲು ಮಾತ್ರ.

9.55ಕ್ಕೆ ಹಾವು ಕಚ್ಚಿದವರು ಏಳನೇ ಬೆಡ್‌ಗೆ ಹೋದರು. ಬದುಕಿದರು. ಅದು ನನ್ನ ಪುಣ್ಯ ಅಲ್ಲ, ಆ ಹುಡುಗಿಯ ಕೈಯದ್ದು.

ಮರುದಿನ ಲೀಗಲ್‌ನವರು 1996ರ ಸುಪ್ರೀಂ ಕೋರ್ಟ್ ತೀರ್ಪು ತೆಗೆದು ತೋರಿಸಿದರು. ರೈಲಿಂದ ಬಿದ್ದವರೊಬ್ಬರನ್ನು ಕೋಲ್ಕತ್ತಾದ ಸರ್ಕಾರಿ ಆಸ್ಪತ್ರೆಗಳು ಬೆಡ್ ಇಲ್ಲ ಅಂತ ಒಂದಾದ ಮೇಲೊಂದು ವಾಪಸ್ ಕಳಿಸಿದ ಕೇಸು. ತುರ್ತು ಚಿಕಿತ್ಸೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿ 25,000 ರೂಪಾಯಿ ಪರಿಹಾರ ಕೊಡಿಸಿತ್ತು ಕೋರ್ಟು. ನಾನು ಕೋರ್ಟಿಗೆ ಹೆದರಿ ಕಾಯಿಸಿದ್ದು ಅಂಥ ರೋಗಿಯನ್ನೇ ಅಲ್ವಾ!

ಬೆಳಿಗ್ಗೆ ಅಡ್ಮಿನ್ ಮೆಸೇಜ್: 'ಕೋರ್ಟ್ ಪೇಶೆಂಟ್ ಐಸಿಯುನಲ್ಲಿ ಯಾಕಿಲ್ಲ?' ಎರಡನೇ ಪುಟದ ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು. ಉತ್ತರ ಇನ್ನೂ ಬಂದಿಲ್ಲ.